ಗೊಂಬೆಯ ಬುಟ್ಟಿ ಕೊಟ್ಟ ಅಕ್ಕ

ಹೋಲಿಸಿ ನೋಡುವ ಚಟ ಹೆಣ್ಣುಮಕ್ಕಳಿಗೆ ಹೊರಗಿನಿಂದ ಅಂಟುವುದಲ್ಲ. ಅದು ಹುಟ್ಟುವುದು ಮನೆಯೊಳಗೇ, ಅದರಲ್ಲೂ ಒಡಹುಟ್ಟಿದವರ ನಡುವೆ. "ನಿನ್ನ ಅಕ್ಕನನ್ನು ನೋಡಿ ಕಲಿ", "ತಂಗಿಯಾದರೂ ಅವಳಿಗಿರುವ ಬುದ್ಧಿ ನಿನಗಿಲ್ಲವಲ್ಲ" ಎಂಬ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಎಷ್ಟು ಜನ? ಹೇಳಿದವರು ಮರೆಯುತ್ತಾರೆ, ಕೇಳಿಸಿಕೊಂಡವಳು ಮರೆಯುವುದಿಲ್ಲ. ಮದುವೆಯಾಗಿ ಇನ್ನೊಂದು ಮನೆ ಸೇರಿದ ಮೇಲೆ ಅಕ್ಕನ ಜಾಗಕ್ಕೆ ಓರಗಿತ್ತಿ ಬರುತ್ತಾಳೆ. ಆಮೇಲೆ ಎದುರುಮನೆಯಾಕೆ, ಅವಳ ಮಗನ ಮಾರ್ಕು, ಅವಳ ಹೊಸ ಫ್ರಿಜ್ಜು. ಈಗಂತೂ ಅಂಗೈಯಲ್ಲಿರುವ ಫೋನೇ ಇಡೀ ಊರಿನವರ ಸುಖವನ್ನು ಬೆಳಗ್ಗೆ ಎದ್ದೊಡನೆ ತಂದು ತೋರಿಸುತ್ತದೆ.

ಈ ವಿಷಯ ಯೋಚಿಸುವಾಗಲೆಲ್ಲ ನನಗೆ ನೆನಪಾಗುವವಳು ಫ್ರಾನ್ಸ್ ದೇಶದ ಒಬ್ಬ ಹೆಣ್ಣುಮಗಳು. ಹೆಸರು ಲಿಯೋನಿ ಮಾರ್ತಿನ್. ಆಕೆಯ ಹೆಸರು ನಿಮ್ಮಲ್ಲಿ ಅನೇಕರು ಕೇಳಿರಲಾರಿರಿ. ಆದರೆ ಆಕೆಯ ಕಡೆಯ ತಂಗಿಯನ್ನು ಖಂಡಿತ ನೋಡಿದ್ದೀರಿ. ಕಂದುಬಣ್ಣದ ಉಡುಪು, ಬಿಳಿಯ ಮೇಲಂಗಿ, ಕೈಯಲ್ಲಿ ಶಿಲುಬೆ, ಶಿಲುಬೆಯ ಸುತ್ತ ಗುಲಾಬಿ ಹೂಗಳು. ನಮ್ಮ ಊರುಗಳ ಎಷ್ಟೋ ಕ್ರೈಸ್ತರ ಮನೆಗಳಲ್ಲಿ, ಕಾನ್ವೆಂಟ್ ಶಾಲೆಗಳ ಗೋಡೆಗಳ ಮೇಲೆ ಇರುವ ಚಿತ್ರ ಅದು. 'ಲಿಟಲ್ ಫ್ಲವರ್' ಎಂದು ಶಾಲೆಗಳಿಗೆ ಹೆಸರಿಟ್ಟಿರುವುದೂ ಆಕೆಯ ನೆನಪಿಗೇ. ಆಕೆಯೇ ಲಿಸಿಯೂ ಊರಿನ ಸಂತ ತೆರೇಸ. ಹುಟ್ಟಿದ್ದು 1873ರಲ್ಲಿ, ತೀರಿಕೊಂಡದ್ದು 1897ರಲ್ಲಿ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ. 1925ರಲ್ಲಿ ಸಂತಳೆಂದು ಸಾರಲ್ಪಟ್ಟಳು. 1997ರಲ್ಲಿ 'ಧರ್ಮಸಭೆಯ ಪಂಡಿತೆ' ಎಂಬ ಬಿರುದೂ ದೊರೆಯಿತು. ಇಂಥವಳು ತಂಗಿಯಾಗಿದ್ದರೆ ಅಕ್ಕನ ಪಾಡು ಏನು? ಅದನ್ನೇ ಹೇಳಹೊರಟಿದ್ದೇನೆ.

ನಾರ್ಮಂಡಿ ಪ್ರಾಂತದ ಅಲಾನ್ಸೋಂ ಎಂಬ ಪಟ್ಟಣದಲ್ಲಿ ಲೂಯಿ ಮಾರ್ತಿನ್ ಗಡಿಯಾರದ ಕೆಲಸ ಮಾಡುತ್ತಿದ್ದ. ಅವನ ಹೆಂಡತಿ ಝೆಲಿ ಲೇಸ್ ಕಸೂತಿಯಲ್ಲಿ ಕೈಪಳಗಿದವಳು. ಅಲಾನ್ಸೋಂ ಲೇಸ್ ಎಂದರೆ ಆಗ ಯುರೋಪಿನಲ್ಲೆಲ್ಲ ಹೆಸರು. ಸೂಜಿಯಲ್ಲಿ ತುಂಡುತುಂಡಾಗಿ ಹೆಣೆದು, ಕಡೆಗೆ ಕೂಡಿಸಿದ ಗುರುತೂ ಕಾಣದಂತೆ ಜೋಡಿಸಬೇಕು. ಝೆಲಿ ಊರಿನ ಹೆಂಗಸರಿಗೆ ಅವರವರ ಮನೆಯಲ್ಲೇ ಮಾಡುವ ಕೆಲಸ ಕೊಡುತ್ತಿದ್ದಳು. ಗುರುವಾರ ಗುರುವಾರ ಅವರು ತಂದುಕೊಟ್ಟ ತುಂಡುಗಳನ್ನು ತಾನೇ ಕೂತು ಜೋಡಿಸುತ್ತಿದ್ದಳು. ವ್ಯಾಪಾರ ಎಷ್ಟು ಚೆನ್ನಾಗಿ ನಡೆಯಿತೆಂದರೆ ಗಂಡ ತನ್ನ ಅಂಗಡಿಯನ್ನು ಮಾರಿ ಹೆಂಡತಿಯ ವ್ಯವಹಾರಕ್ಕೆ ಹೆಗಲು ಕೊಟ್ಟ.

ಈ ದಂಪತಿಗಳ ವಿಷಯದಲ್ಲಿ ಒಂದು ಮಾತು ನೆನಪಿಡಬೇಕು. ಮದುವೆಗೆ ಮೊದಲು ಇಬ್ಬರೂ ಸಂನ್ಯಾಸ ಬಯಸಿದ್ದವರು. ಲೂಯಿ ಆಲ್ಪ್ಸ್ ಬೆಟ್ಟದ ಮೇಲಿನ ಮಠಕ್ಕೆ ಹೋಗಿ ಕೇಳಿದ. ಲ್ಯಾಟಿನ್ ಬಾರದೆಂದು ಅಲ್ಲಿ ಸೇರಿಸಿಕೊಳ್ಳಲಿಲ್ಲ. ಝೆಲಿ ರೋಗಿಗಳ ಸೇವೆ ಮಾಡುವ ಸೋದರಿಯರಲ್ಲಿ ಸೇರಲು ಹೋದಳು. ಅಲ್ಲಿನ ಮುಖ್ಯಸ್ಥೆ, ನಿನಗೆ ಇದು ಆಗದು ಎಂದು ಕಳಿಸಿಬಿಟ್ಟಳು. ಹೀಗೆ 'ಬೇಡ' ಎನ್ನಿಸಿಕೊಂಡ ಇಬ್ಬರು 1858ರಲ್ಲಿ ಮದುವೆಯಾದರು. ಒಂಬತ್ತು ಮಕ್ಕಳು ಹುಟ್ಟಿ, ನಾಲ್ಕು ತೀರಿಕೊಂಡು, ಐವರು ಹೆಣ್ಣುಮಕ್ಕಳು ಉಳಿದರು: ಮೇರಿ, ಪೋಲೀನ್, ಲಿಯೋನಿ, ಸೆಲೀನ್, ತೆರೇಸ.

ನಡುವಿನವಳು ಲಿಯೋನಿ. ಹುಟ್ಟಿದ್ದು 1863ರ ಜೂನ್ 3ರಂದು. ಹಸುಗೂಸಾಗಿದ್ದಾಗಲೇ ಸಾವಿನ ಬಾಗಿಲು ತಟ್ಟಿ ಬಂದವಳು. ಮೈತುಂಬ ಇಸುಬು, ಅದು ಜೀವನವಿಡೀ ಬಿಡಲಿಲ್ಲ. ಪಾಠ ತಲೆಗೆ ಹತ್ತುತ್ತಿರಲಿಲ್ಲ. ಹಟ, ಸಿಡುಕು. ಅವಳ ದೊಡ್ಡಮ್ಮ ಲ ಮಾನ್ ಎಂಬ ಊರಿನ ವಿಸಿಟೇಷನ್ ಮಠದಲ್ಲಿ ಸಂನ್ಯಾಸಿನಿ. ಅಲ್ಲಿನ ಶಾಲೆಯಲ್ಲಿ ಮೇರಿ, ಪೋಲೀನ್ ಇಬ್ಬರೂ ಓದಿ ಭೇಷ್ ಅನ್ನಿಸಿಕೊಂಡಿದ್ದರು. ಲಿಯೋನಿಯನ್ನೂ ಅಲ್ಲಿಗೇ ಕಳಿಸಿದರು. ಶಾಲೆಯವರು ಹಿಂದಕ್ಕೆ ಕಳಿಸಿದರು. ಇನ್ನೊಮ್ಮೆ ಕಳಿಸಿದರು, ಇನ್ನೊಮ್ಮೆ ಹಿಂದಕ್ಕೆ ಬಂದಳು. ಅದೇ ಬೆಂಚು, ಅದೇ ದೊಡ್ಡಮ್ಮ. ಅಕ್ಕಂದಿರು ಗೆದ್ದ ಜಾಗದಲ್ಲಿ ತಾನು ಸೋತು ಬಂದ ಹುಡುಗಿಯ ಮನಸ್ಸನ್ನು ನಾವು ಊಹಿಸಬಹುದು.

ಝೆಲಿ ಬರೆದ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಅವುಗಳಲ್ಲಿ ಲಿಯೋನಿಯ ಮಾತು ಬಂದಾಗಲೆಲ್ಲ ಆ ತಾಯಿಯ ಕೈ ನಡುಗಿದಂತೆ ತೋರುತ್ತದೆ. ಈ ಮಗು ಮುಂದೆ ಏನಾಗುತ್ತಾಳೋ, ತಾನು ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೋ ಎಂಬ ಒಂದೇ ಕೊರಗು. ಅಷ್ಟರಲ್ಲಿ ಝೆಲಿಗೆ ಎದೆಯ ಕ್ಯಾನ್ಸರು. 1877ರ ಆರಂಭದಲ್ಲಿ ದೊಡ್ಡಮಗಳು ಮೇರಿಗೆ ಒಂದು ಗುಟ್ಟು ತಿಳಿಯಿತು. ಮನೆಯ ಕೆಲಸದಾಕೆ ಯಾರೂ ಇಲ್ಲದಾಗ ಲಿಯೋನಿಯನ್ನು ಹೆದರಿಸಿ ಬೆದರಿಸಿ, ತಾನು ಹೇಳಿದ್ದನ್ನಷ್ಟೇ ಕೇಳುವಂತೆ, ತಾಯಿಯ ಹತ್ತಿರ ಹೋಗದಂತೆ ಮಾಡಿದ್ದಳು. ವರ್ಷಗಟ್ಟಲೆ ನಡೆದ ಕಾಟ. ಮಗು ಬಾಯಿ ಬಿಟ್ಟಿರಲಿಲ್ಲ, ಮನೆಯವರು ಅದನ್ನು ಹಟವೆಂದುಕೊಂಡಿದ್ದರು! ಇದು ತಿಳಿದ ಮೇಲೆ ತಾಯಿ ಮಗಳು ಹತ್ತಿರವಾದರು. ಆದರೆ ಉಳಿದದ್ದು ಕೆಲವೇ ತಿಂಗಳು. 1877ರ ಆಗಸ್ಟ್ 28ರಂದು ಝೆಲಿ ತೀರಿಕೊಂಡಳು. ಲಿಯೋನಿಗೆ ಆಗ ಹದಿನಾಲ್ಕು.

ಮಣ್ಣು ಮಾಡಿ ಬಂದ ದಿನದ ಒಂದು ಸಂಗತಿಯನ್ನು ತೆರೇಸ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಐವರೂ ಒಟ್ಟಿಗೆ ನಿಂತಿದ್ದರು. ಕೆಲಸದಾಕೆ, ಪಾಪ ಇನ್ನು ನಿಮಗೆ ತಾಯಿಯಿಲ್ಲವಲ್ಲ ಎಂದಳಂತೆ. ಸೆಲೀನ್ ಓಡಿಹೋಗಿ ಮೇರಿಯನ್ನು ತಬ್ಬಿ, ನೀನೇ ನನ್ನ ತಾಯಿ ಎಂದಳು. ನಾಲ್ಕು ವರ್ಷದ ತೆರೇಸ ಪೋಲೀನಳನ್ನು ತಬ್ಬಿದಳು. ಓದಿದವರೆಲ್ಲ ಇಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ನಾನು ಮಾತ್ರ ಐವರಲ್ಲಿ ಮಿಕ್ಕ ಒಬ್ಬಳನ್ನು ಲೆಕ್ಕ ಹಾಕುತ್ತೇನೆ. ಲಿಯೋನಿ ಯಾರನ್ನು ತಬ್ಬಿದಳು? ದೊಡ್ಡವಳೂ ಅಲ್ಲ, ಚಿಕ್ಕವಳೂ ಅಲ್ಲ. ಯಾರಿಗೂ ತಾಯಿಯಾಗಲಿಲ್ಲ, ಯಾರಿಗೂ ಮಗಳಾಗಲಿಲ್ಲ.

ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಸಂಗ ಇದೆ. ತಾನು ಗೊಂಬೆಯಾಡುವ ವಯಸ್ಸು ದಾಟಿದೆನೆಂದುಕೊಂಡ ಲಿಯೋನಿ ಒಂದು ಬುಟ್ಟಿ ತಂದಳು. ಒಳಗೆ ಗೊಂಬೆಯ ಉಡುಪುಗಳು, ಬಣ್ಣಬಣ್ಣದ ಬಟ್ಟೆಯ ಚೂರುಗಳು, ಮೇಲೆ ಮಲಗಿಸಿದ ಗೊಂಬೆ. ನಿಮಗೆ ಬೇಕಾದ್ದು ಆರಿಸಿಕೊಳ್ಳಿ ಎಂದು ತಂಗಿಯರ ಮುಂದೆ ಇಟ್ಟಳು. ಸೆಲೀನ್ ಅಲಂಕಾರದ ದಾರದ ಒಂದು ಉಂಡೆ ತೆಗೆದುಕೊಂಡಳು. ತೆರೇಸ ಕ್ಷಣ ಯೋಚಿಸಿ, ನಾನು ಎಲ್ಲವನ್ನೂ ಆರಿಸುತ್ತೇನೆ ಎಂದು ಬುಟ್ಟಿಯನ್ನೇ ಎತ್ತಿಕೊಂಡಳು. ತನ್ನ ಜೀವನವೆಲ್ಲ ಅಡಗಿರುವುದು ಈ ಸಣ್ಣ ಘಟನೆಯಲ್ಲಿ, ದೇವರ ವಿಷಯದಲ್ಲೂ ತಾನು ಅರ್ಧಕ್ಕೆ ಒಪ್ಪಲಿಲ್ಲ ಎಂದು ತೆರೇಸ ಅರ್ಥ ಹೇಳುತ್ತಾಳೆ. ಎಷ್ಟೋ ಪ್ರಸಂಗಗಳಲ್ಲಿ ಇದೇ ಕಥೆ, ಇದೇ ಅರ್ಥ. ಬುಟ್ಟಿ ಕೊಟ್ಟವಳ ಕಡೆಗೆ ತಿರುಗಿ ನೋಡುವವರು ಕಡಿಮೆ. ಕೈಯಲ್ಲಿದ್ದುದನ್ನು ಪೂರ್ತಿ ಕೊಟ್ಟು ಸುಮ್ಮನೆ ನಿಂತವಳ ಜೀವನವೂ ಆ ಘಟನೆಯಲ್ಲಿ ಅಡಗಿರಲಿಲ್ಲವೇ?

ತಾಯಿ ಸತ್ತ ಮೇಲೆ ಸೋದರಮಾವನ ಊರಾದ ಲಿಸಿಯೂಗೆ ಎಲ್ಲರೂ ಹೋಗಿ ನೆಲೆಸಿದರು. 1882ರಲ್ಲಿ ಪೋಲೀನ್ ಅಲ್ಲಿನ ಕಾರ್ಮೆಲ್ ಮಠ ಸೇರಿದಳು. 1886ರಲ್ಲಿ ಮೇರಿಯೂ ಹೊರಟಳು. ಹೊರಡುವ ಮೊದಲು ತಾಯಿಯ ಸಮಾಧಿ ನೋಡಿಬರಲು ಅಲಾನ್ಸೋಂಗೆ ಹೋದಾಗ, ಯಾರಿಗೂ ಮೊದಲೇ ಹೇಳದೆ ಲಿಯೋನಿ ಅಲ್ಲಿನ ಬಡ ಕ್ಲಾರಾ ಸೋದರಿಯರ ಮಠ ಹೊಕ್ಕುಬಿಟ್ಟಳು. ಅದು ಅಕ್ಟೋಬರ್ 7. ಬರಿಗಾಲು, ಉಪವಾಸ, ನಡುರಾತ್ರಿಯ ಪ್ರಾರ್ಥನೆ, ಅತಿ ಕಠಿಣವಾದ ವ್ರತ ಅವರದು. ಅಕ್ಕಂದಿರಿಗಿಂತ ಒಂದು ಕೈ ಮೇಲೆ ಎನ್ನಿಸಿಕೊಳ್ಳುವ ಆಸೆ ಇತ್ತೋ ಏನೋ, ಆಕೆಯ ಒಳಮನಸ್ಸನ್ನು ಹೇಳಲು ನಾವು ಯಾರು? ಮೈಮೇಲಿನ ಇಸುಬು ಮಾತ್ರ ಒರಟು ಬಟ್ಟೆಗೆ ಕೆರಳಿತು. ಡಿಸೆಂಬರ್ 1ಕ್ಕೆ ಮನೆಗೆ ಬಂದಳು. ತಲೆಗೂದಲು ಕತ್ತರಿಸಿದ್ದರಿಂದ ಊರಿಗೆಲ್ಲ ಗುಟ್ಟು ರಟ್ಟು.

1887ರ ಜುಲೈಯಲ್ಲಿ ಕಾನ್ ಪಟ್ಟಣದ ವಿಸಿಟೇಷನ್ ಮಠ ಸೇರಿದಳು. 1888ರ ಜನವರಿಯಲ್ಲಿ ಮತ್ತೆ ಮನೆಗೆ. ಇದಾಗಿ ಮೂರೇ ತಿಂಗಳಿಗೆ, ಏಪ್ರಿಲ್ 9ರಂದು, ಹದಿನೈದು ವರ್ಷದ ತೆರೇಸ ಕಾರ್ಮೆಲ್ ಮಠದೊಳಕ್ಕೆ ಹೆಜ್ಜೆಯಿಟ್ಟಳು. ಇಷ್ಟು ಎಳೆಯವಳನ್ನು ಸೇರಿಸಬಾರದೆಂದು ಹಿರಿಯರು ತಡೆದಾಗ ರೋಮ್‌ವರೆಗೂ ಹೋಗಿ ಪೋಪರ ಕಾಲಿಗೆರಗಿ ಬೇಡಿಕೊಂಡು ಬಂದ ಹುಡುಗಿ ಅದು. ಊರಿಗೆ ಊರೇ ಬೆರಗಾಗಿತ್ತು. ಮನೆಯೊಳಗೆ ಸೋತು ಬಂದ ಇಪ್ಪತ್ತನಾಲ್ಕರ ಅಕ್ಕ.

ಮುಂದಿನ ವರ್ಷವೇ ತಂದೆಗೆ ಬುದ್ಧಿಭ್ರಮಣೆ. ಕಾನ್ ಪಟ್ಟಣದ ಮಾನಸಿಕ ಆಸ್ಪತ್ರೆಯಲ್ಲಿ ಮೂರು ವರ್ಷ ಇರಿಸಬೇಕಾಯಿತು. ಆ ಕಾಲದಲ್ಲಿ ಅದು ರೋಗಕ್ಕಿಂತ ಮಿಗಿಲಾಗಿ ಅವಮಾನ. ಮಠದೊಳಗಿದ್ದ ಮೂವರು ಪ್ರಾರ್ಥಿಸಬಹುದಿತ್ತು ಅಷ್ಟೇ. ಆಸ್ಪತ್ರೆಯ ಹತ್ತಿರ ಕೋಣೆ ಹಿಡಿದು, ಜನರ ಮಾತು ಕೇಳಿಸಿಕೊಂಡು, ತಂದೆಗಾಗಿ ಅಲೆದವರು ಸೆಲೀನ್ ಮತ್ತು ಲಿಯೋನಿ. 1893ರಲ್ಲಿ ಲಿಯೋನಿ ಮೂರನೆಯ ಸಲ, ಅದೇ ವಿಸಿಟೇಷನ್ ಮಠದ ಬಾಗಿಲು ತಟ್ಟಿದಳು. ಎರಡು ವರ್ಷ ನಿಂತಳು. 1895ರ ಜುಲೈಯಲ್ಲಿ ಮತ್ತೆ ಹೊರಕ್ಕೆ. ಅಷ್ಟರಲ್ಲಿ ತಂದೆ ತೀರಿಕೊಂಡಿದ್ದ, ಸೆಲೀನ್ ಕೂಡ ಕಾರ್ಮೆಲ್ ಸೇರಿದ್ದಳು. ಹೋಗಲು ತವರೂ ಇಲ್ಲ. ಸೋದರಮಾವನ ಮನೆಯೇ ಗತಿ. ವಯಸ್ಸು ಮೂವತ್ತೆರಡು. ಮದುವೆಯೂ ಇಲ್ಲ, ಮಠವೂ ಇಲ್ಲ. ನಾಲ್ವರು ಸೋದರಿಯರು ಒಂದೇ ಮಠದಲ್ಲಿ ಒಟ್ಟಿಗೆ, ತಾನೊಬ್ಬಳೇ ಹೊರಗೆ. ನಮ್ಮ ಊರಿನಲ್ಲಾಗಿದ್ದರೆ ಜನ ಏನೆನ್ನುತ್ತಿದ್ದರೋ ಅಲ್ಲಿಯೂ ಅದನ್ನೇ ಅಂದಿರಬೇಕು.

ಈ ದಿನಗಳಲ್ಲಿ ಆಕೆಗೆ ಆಸರೆಯಾದದ್ದು ತಂಗಿ ತೆರೇಸಳ ಪತ್ರಗಳು. ಸೋತ ಅಕ್ಕನಿಗೆ ಗೆದ್ದ ತಂಗಿ ಬುದ್ಧಿ ಹೇಳುವ ಪತ್ರಗಳಾಗಿದ್ದರೆ ಗಾಯಕ್ಕೆ ಉಪ್ಪು ಸವರಿದಂತಾಗುತ್ತಿತ್ತು. ತೆರೇಸಳ ಮಾತಿನ ಧಾಟಿ ಬೇರೆ. ದೊಡ್ಡ ಸಾಧನೆ ತನಗೂ ಆಗದು, ಪುಟ್ಟ ಮಗು ತಂದೆಯ ಕೈಚಾಚಿಗೆ ಕಾಯುವಂತೆ ದೇವರ ಮುಂದೆ ಇರುವುದೇ ತನ್ನ ದಾರಿ ಎಂಬುದು ಅವಳ ನಂಬಿಕೆ. ಬಾಲ್ಯದಲ್ಲಿ ಅವಳಿಗೊಂದು ಸಂದೇಹವಿತ್ತು: ದೇವರು ಸ್ವರ್ಗದಲ್ಲಿ ಎಲ್ಲರಿಗೂ ಒಂದೇ ಸಮನಾದ ಮಹಿಮೆ ಏಕೆ ಕೊಡುವುದಿಲ್ಲ? ಆಗ ಪೋಲೀನ್ ತಂದೆಯ ದೊಡ್ಡ ಲೋಟವನ್ನೂ ತೆರೇಸ ಹೊಲಿಯುವಾಗ ಬೆರಳಿಗೆ ಹಾಕುವ ಅಂಗುಷ್ಠಾನವನ್ನೂ ಅಕ್ಕಪಕ್ಕ ಇಟ್ಟು, ಎರಡಕ್ಕೂ ಅಂಚಿನವರೆಗೆ ನೀರು ತುಂಬಿ, ಇವುಗಳಲ್ಲಿ ಯಾವುದು ಹೆಚ್ಚು ತುಂಬಿದೆ ಎಂದು ಕೇಳಿದಳಂತೆ. ಎರಡೂ ತುಂಬಿವೆ, ಇನ್ನೊಂದು ಹನಿಗೆ ಎರಡರಲ್ಲೂ ಜಾಗವಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಏಳಲೇಬೇಕು. ಹೆಂಗಸರಿಗೆ ಅಂಗುಷ್ಠಾನವೇ ಸಾಕು, ಇದ್ದುದರಲ್ಲಿ ತೃಪ್ತಿಪಡು ಎಂದು ಬಾಯಿ ಮುಚ್ಚಿಸುವುದು ಹಳೆಯ ಪದ್ಧತಿ. ಧರ್ಮದ ಹೆಸರಿನಲ್ಲಿ ಈ ಮಾತನ್ನು ಎಲ್ಲ ಮತದವರೂ ಆಡಿದ್ದಾರೆ. ಲಿಯೋನಿಯ ಸಂತೃಪ್ತಿಯೂ ಅಂಥದ್ದೇ ಏನು?

ಹಾಗೆ ನನಗನ್ನಿಸುವುದಿಲ್ಲ. ಇದ್ದಲ್ಲೇ ಇರು ಎಂದಾಗ ಇದ್ದುಬಿಡುವವಳಾಗಿದ್ದರೆ ಆಕೆ ಮೊದಲ ಸೋಲಿಗೇ ಕೂತುಬಿಡುತ್ತಿದ್ದಳು. ಮೂರು ಸಲ ಸೋತು ನಾಲ್ಕನೆಯ ಸಲ ಹೊರಟವಳನ್ನು ಆಸೆ ಬಿಟ್ಟವಳೆನ್ನಲಾಗದು. ಆಕೆ ಬಿಟ್ಟದ್ದು ಅಕ್ಕತಂಗಿಯರ ಲೋಟದಲ್ಲಿ ತನ್ನ ನೀರನ್ನು ಅಳೆಯುವುದನ್ನು. ನಾಲ್ವರೂ ಇದ್ದ ಕಾರ್ಮೆಲ್ ಮಠಕ್ಕೆ ಆಕೆ ಹೋಗಲಿಲ್ಲ. ತನ್ನ ಮೈಗೂ ಮನಸ್ಸಿಗೂ ಒಗ್ಗುವ ಜಾಗ ಯಾವುದೆಂದು ಕಂಡುಕೊಂಡು, ಅದರ ಬಾಗಿಲನ್ನೇ ಮತ್ತೆ ತಟ್ಟಿದಳು.

ಆ ವಿಸಿಟೇಷನ್ ಸಭೆಯ ಹುಟ್ಟಿನಲ್ಲೇ ಇದಕ್ಕೆ ಇಂಬಿದೆ. ಸಂತ ಫ್ರಾನ್ಸಿಸ್ ಡಿ ಸೇಲ್ಸ್ ಮತ್ತು ನಾಲ್ಕು ಮಕ್ಕಳ ತಾಯಿಯಾದ ವಿಧವೆ ಜೇನ್ ಡಿ ಶಾಂತಾಲ್ ಇಬ್ಬರೂ ಸೇರಿ 1610ರಲ್ಲಿ ಆನೆಸಿ ಎಂಬ ಊರಿನಲ್ಲಿ ಅದನ್ನು ಕಟ್ಟಿದರು. ಕಠಿಣ ವ್ರತಗಳು ಆಗದ ದುರ್ಬಲರಿಗೆ, ವಿಧವೆಯರಿಗೆ, ವಯಸ್ಸಾದವರಿಗೆ ಒಂದು ಮಠ ಬೇಕೆಂಬುದೇ ಅವರ ಉದ್ದೇಶ. ಇದೇ ಫ್ರಾನ್ಸಿಸ್ 1609ರಲ್ಲಿ ಸಂಸಾರಿಗಳಿಗಾಗಿಯೇ ಒಂದು ಭಕ್ತಿಗ್ರಂಥ ಬರೆದವನು. ಬಿಷಪನ ಭಕ್ತಿ ಒಂದು, ಗೃಹಿಣಿಯ ಭಕ್ತಿ ಒಂದು, ಕುಶಲಕರ್ಮಿಯ ಭಕ್ತಿ ಇನ್ನೊಂದು. ಒಬ್ಬರದನ್ನು ಇನ್ನೊಬ್ಬರು ಹೊತ್ತುಕೊಂಡರೆ ಎರಡೂ ಕೆಡುತ್ತವೆ ಎಂಬುದು ಅವನ ಬೋಧೆಯ ತಿರುಳು.

ಸಭೆಯ ಹೆಸರೂ ಅರ್ಥವತ್ತಾದದ್ದು. ವಿಸಿಟೇಷನ್ ಎಂದರೆ ಭೇಟಿ. ಯೇಸುವನ್ನು ಗರ್ಭದಲ್ಲಿ ಧರಿಸಿದ ಎಳೆಯ ಹುಡುಗಿ ಮರಿಯಮ್ಮ, ಮುಪ್ಪಿನಲ್ಲಿ ಬಸುರಾದ ತನ್ನ ಬಂಧು ಎಲಿಜಬೇತಳನ್ನು ಕಾಣಲು ಬೆಟ್ಟದ ಸೀಮೆಗೆ ಹೋದ ಪ್ರಸಂಗ ಲೂಕನ ಸುವಾರ್ತೆಯಲ್ಲಿದೆ. ವರ್ಷಗಟ್ಟಲೆ ಬಂಜೆಯೆನ್ನಿಸಿಕೊಂಡು ಕಡೆಗೆ ಬಸುರಾದವಳು ಎಲಿಜಬೇತ. ತನ್ನದಕ್ಕಿಂತ ದೊಡ್ಡ ಭಾಗ್ಯ ತನಗಿಂತ ಚಿಕ್ಕವಳಿಗೆ ಬಂದಿದೆಯೆಂದು ಗೊತ್ತಾದಾಗ ಆಕೆ ಮುಖ ತಿರುಗಿಸಲಿಲ್ಲ, ಹರ್ಷದಿಂದ ಹರಸಿದಳು. ಇಬ್ಬರು ಬಸುರಿಯರು ಒಂದೇ ಮನೆಯಲ್ಲಿ ಮೂರು ತಿಂಗಳು ಇದ್ದು ಒಬ್ಬರನ್ನೊಬ್ಬರು ಹೋಲಿಸಿಕೊಳ್ಳಲಿಲ್ಲವೆಂದರೆ ಸಾಮಾನ್ಯವೇ? ಹಾಗೆಯೇ ಯೊವಾನ್ನನ ಸುವಾರ್ತೆಯ ಕಡೆಯಲ್ಲಿ ಪೇತ್ರ ಇನ್ನೊಬ್ಬ ಶಿಷ್ಯನನ್ನು ತೋರಿಸಿ ಇವನ ಗತಿಯೇನು ಎಂದು ಯೇಸುವನ್ನು ಕೇಳುತ್ತಾನೆ. ಅವನ ವಿಚಾರ ನಿನಗೇಕೆ, ನೀನು ನನ್ನ ಹಿಂದೆ ಬಾ ಎಂಬರ್ಥದ ಉತ್ತರ ಸಿಗುತ್ತದೆ. ಕ್ರೈಸ್ತ ಧರ್ಮ ಹೋಲಿಕೆಯ ಚಟಕ್ಕೆ ಕೊಡುವ ಮದ್ದು ಇಷ್ಟೇ. ಪಕ್ಕದವನ ಕಡೆಯಿಂದ ಕಣ್ಣು ತೆಗೆದು ಎದುರು ನಡೆಯುವವನ ಕಡೆಗೆ ಇಡುವುದು.

1897ರ ಸೆಪ್ಟೆಂಬರ್ 30ರಂದು ತೆರೇಸ ಕ್ಷಯದಿಂದ ತೀರಿಕೊಂಡಳು. ತಾನು ಸತ್ತ ಮೇಲೆ ಲಿಯೋನಿ ಮತ್ತೆ ವಿಸಿಟೇಷನ್ ಸೇರುತ್ತಾಳೆ, ಈ ಸಲ ಅಲ್ಲೇ ನಿಲ್ಲುತ್ತಾಳೆ ಎಂದು ಅವಳು ಹೇಳಿದ್ದನ್ನು ಸೋದರಿಯರು ನೆನಪಿಟ್ಟಿದ್ದರು. ಒಂದು ವರ್ಷಕ್ಕೆ ಸರಿಯಾಗಿ ಅವಳ ಆತ್ಮಕಥೆ ಅಚ್ಚಾಗಿ ಬಂತು. 1899ರ ಜನವರಿ 28ರಂದು ಮೂವತ್ತೈದರ ಲಿಯೋನಿ ಕಾನ್ ಪಟ್ಟಣದ ಅದೇ ಬಾಗಿಲನ್ನು ತಟ್ಟಿದಳು. 1900ರ ಜುಲೈ 2ರಂದು ವ್ರತ ತೊಟ್ಟಳು. ಆಗಿನ ಪಂಚಾಂಗದಲ್ಲಿ ಅದೇ ಮರಿಯಮ್ಮನ ಭೇಟಿಯ ಹಬ್ಬದ ದಿನ. ಆಕೆಯ ಹೊಸ ಹೆಸರು ಸಿಸ್ಟರ್ ಫ್ರಾನ್ಸ್ವಾಸ್ ತೆರೇಸ್. ಯಾರೊಡನೆ ಹೋಲಿಸಿ ಲೋಕ ತನ್ನನ್ನು ಕಡಿಮೆ ಎಣಿಸಬಹುದಿತ್ತೋ ಆ ತಂಗಿಯ ಹೆಸರನ್ನೇ ತನ್ನ ಹೆಸರಿನಲ್ಲಿ ಧರಿಸಿದಳು. ಹೊಟ್ಟೆಕಿಚ್ಚು ಇರುವ ಕಡೆ ಇದು ಸಾಧ್ಯವಿಲ್ಲ.

ಆಮೇಲಿನ ನಲವತ್ತು ವರ್ಷಗಳಲ್ಲಿ ಹೇಳಿಕೊಳ್ಳುವಂಥ ಘಟನೆಗಳಿಲ್ಲ. ಪೋಲೀನ್ ಮಠದ ಮುಖ್ಯಸ್ಥೆಯಾದಳು, 1923ರಲ್ಲಿ ಪೋಪರು ಆಕೆಯನ್ನು ಜೀವಮಾನ ಪೂರ್ತಿ ಆ ಸ್ಥಾನಕ್ಕೆ ನೇಮಿಸಿದರು. ಸೆಲೀನ್ ಚಿತ್ರ ಬರೆಯುವವಳು, ಮಠದೊಳಕ್ಕೆ ಕ್ಯಾಮೆರಾ ತಂದು ತಂಗಿಯ ಫೋಟೋಗಳನ್ನು ತೆಗೆದವಳು. ಇಂದು ಲೋಕವೆಲ್ಲ ನೋಡುವುದು ಅವನ್ನೇ. ಮೇರಿಯ ಕೋರಿಕೆಯಿಂದ ಆತ್ಮಕಥೆಯ ಒಂದು ಭಾಗವೇ ಹುಟ್ಟಿತು. ಲಿಯೋನಿಗೆ ಊಟದ ಮನೆ, ಪೂಜಾಸಾಮಗ್ರಿಗಳ ಕೋಣೆ, ಇಂಥ ಕಡೆ ಕೈನೆರವಿನ ಕೆಲಸ. 1915ರಲ್ಲಿ ತಂಗಿಯ ಸಂತಪದವಿಯ ವಿಚಾರಣೆಗಾಗಿ ಸಾಕ್ಷಿ ಹೇಳುವ ಸಲುವಾಗಿ ಲಿಸಿಯೂಗೆ ಹೋದಾಗ ಮೂವರು ಸೋದರಿಯರನ್ನು ಮತ್ತೆ ಕಣ್ಣಾರೆ ಕಂಡಳು. 1925ರಲ್ಲಿ ರೋಮ್‌ನಲ್ಲಿ ಆ ಮಹೋತ್ಸವ ನಡೆದ ದಿನವೂ ಆಕೆಗೆ ಕಾನ್ ಮಠದ ನಾಲ್ಕು ಗೋಡೆಗಳೇ. ಎರಡನೆಯ ಮಹಾಯುದ್ಧದ ನಡುವೆ, ಪಟ್ಟಣ ಜರ್ಮನರ ಕೈಯಲ್ಲಿದ್ದಾಗ, 1941ರ ಜೂನ್ 17ರಂದು ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡಳು.

2015ರ ಅಕ್ಟೋಬರಿನಲ್ಲಿ ಲೂಯಿ ಮತ್ತು ಝೆಲಿ ಇಬ್ಬರನ್ನೂ ಸಂತರೆಂದು ಸಾರಿದರು. ಅದೇ ವರ್ಷ ಲಿಯೋನಿಯ ಸಂತಪದವಿಯ ವಿಚಾರಣೆಗೂ ಕಾನ್ ಪಟ್ಟಣದಲ್ಲಿ ಆರಂಭವಾಯಿತು. ತಂದೆತಾಯಿ ಸಂತರು, ತಂಗಿ ಸಂತಳು, ಇನ್ನು ಇವಳೂ ಆಗಬೇಕಲ್ಲ ಎಂದು ಲೆಕ್ಕ ಹಾಕುವವರು ಹಾಕಲಿ. ಆ ಲೆಕ್ಕವನ್ನು ಆಕೆ ಎಂದೋ ಮುಗಿಸಿ ಎದ್ದಿದ್ದಳು.

ಮನೆಯಲ್ಲಿ ಹಿಂದೆ ಬಿದ್ದ ಮಗಳೊಬ್ಬಳಿದ್ದರೆ, ಓದು ಹತ್ತದವಳು, ಮದುವೆ ಮುರಿದು ತವರಿಗೆ ಬಂದವಳು, ಕೆಲಸ ಬಿಟ್ಟು ಬಂದವಳು ಇದ್ದರೆ, ಅವಳಿಗೆ ತೆರೇಸಳ ಕಥೆಗಿಂತ ಮೊದಲು ಲಿಯೋನಿಯ ಕಥೆ ಹೇಳಿ. ಬಾಗಿಲಿಗೆ ಮತ್ತೆ ಬಂದವಳನ್ನು ಎಷ್ಟನೆಯ ಸಲ ಬಂದೆ ಎಂದು ಕೇಳದೆ ಒಳಗೆ ಕರೆದುಕೊಂಡ ಆ ಮಠದ ತಾಯಂದಿರ ಕಥೆಯನ್ನೂ ಜೊತೆಗೆ ಹೇಳಿ. ಅದು ನಮಗೆ, ಮನೆಯಲ್ಲಿ ಬಾಗಿಲು ತೆರೆಯುವ ಹೆಂಗಸರಿಗೆ, ಬೇಕಾದ ಕಥೆ.